ದೀಪ ಹತ್ತಿದ ಮೇಲೆ ಎರಡು ಊರು

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಗಿರಣಿಯ ರಜೆಯಲ್ಲಿ ನಾಸಿಕಕ್ಕೂ ಛತ್ರಪತಿ ಸಂಭಾಜಿನಗರಕ್ಕೂ ಹೋಗಿಬಂದೆ. ಕಂಡದ್ದನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಹಗಲೆಲ್ಲ ದುಡಿಯುವ ನಮ್ಮಂಥವರಿಗೆ ಊರು ಕಾಣುವುದೇ ದೀಪ ಹತ್ತಿದ ಮೇಲೆ. ಆದ್ದರಿಂದ ಎಲ್ಲಿ ಹೋದರೂ ನಾನು ನೋಡುವುದು ಒಂದನ್ನೇ: ಜೇಬಿನಲ್ಲಿ ಹೆಚ್ಚು ಕಾಸಿಲ್ಲದ ಪರಸ್ಥಳದವನಿಗೆ ಸಂಜೆ ಹೊತ್ತು ಈ ಊರು ಎಲ್ಲಿ ಕೂರಲು ಜಾಗ ಕೊಡುತ್ತದೆ?

ನಾಸಿಕದಲ್ಲಿ ಆ ಜಾಗ ಗೋದಾವರಿಯ ಘಟ್ಟ. ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಕವಿರಾಜಮಾರ್ಗವು ಹೆಸರಿಸಿದ ಹೊಳೆ ಇದೇ. ರಾಮಕುಂಡದಲ್ಲಿ ಸಂಜೆ ಆರತಿಯಾಗುತ್ತದೆ. ದೊನ್ನೆಯ ದೀಪಗಳು ನೀರಿನಲ್ಲಿ ತೇಲುತ್ತವೆ. ಮೆಟ್ಟಿಲ ಮೇಲೆ ಕುಳಿತವನನ್ನು ಯಾರೂ ಏಳೆನ್ನುವುದಿಲ್ಲ. ಹೊಳೆಯಾಚೆ ಸರಾಫ ಬಜಾರು, ಇಕ್ಕಟ್ಟು ಓಣಿಗಳು, ಮರದ ಕಂಬ ತೊಲೆಗಳ ಹಳೆಯ ವಾಡೆಗಳು. ಇದೇ ಊರಿನ ಸಾರ್ವಜನಿಕ ವಾಚನಾಲಯ 1840ರಲ್ಲಿ ಹುಟ್ಟಿದ್ದು.

ಆದರೆ ಘಟ್ಟದಿಂದ ಅನತಿ ದೂರದಲ್ಲಿಯೇ ಪಂಚವಟಿಯ ಕಾಳಾರಾಮ ದೇವಾಲಯವಿದೆ. 1930ರ ಮಾರ್ಚ್ 2ರಂದು ಡಾಕ್ಟರ್ ಅಂಬೇಡ್ಕರರ ನೇತೃತ್ವದಲ್ಲಿ ಸಾವಿರಾರು ಜನ ಇದರ ಬಾಗಿಲಿಗೆ ಬಂದರು. ಬಾಗಿಲು ಮುಚ್ಚಿತ್ತು. ಸತ್ಯಾಗ್ರಹ ವರ್ಷಗಟ್ಟಲೆ ನಡೆದರೂ ಆಗ ತೆರೆಯಲಿಲ್ಲ. ಅಂದ ಮೇಲೆ, ಊರು ಚೆಲುವಾಗಿದ್ದರೆ ಸಾಲದು, ಆ ಚೆಲುವು ಯಾರ ಪಾಲಿಗೆ ಎಂದು ಕೇಳಬೇಕಾಗುತ್ತದೆ.

ನಾಸಿಕ ರೋಡಿನಿಂದ ಮನಮಾಡ ಮಾರ್ಗವಾಗಿ ರೈಲಿನಲ್ಲಿ ಸಂಭಾಜಿನಗರ ಸೇರಿದೆ. 2023ರ ತನಕ ಇದರ ಹೆಸರು ಔರಂಗಾಬಾದ್. 1956ರಲ್ಲಿ ರಾಜ್ಯಗಳು ಬೇರೆಯಾಗುವ ತನಕ ಇದೂ ನಮ್ಮ ಕಲಬುರ್ಗಿ, ಬೀದರ, ರಾಯಚೂರುಗಳೂ ಒಂದೇ ಹೈದರಾಬಾದ್ ರಾಜ್ಯದ ಮಕ್ಕಳು. 1610ರಲ್ಲಿ ಖಡಕಿ ಎಂದು ಈ ಊರನ್ನು ಕಟ್ಟಿಸಿದ ಮಲಿಕ್ ಅಂಬರ್, ಅಬಿಸೀನಿಯದಿಂದ ಗುಲಾಮನಾಗಿ ಬಂದವನು. ಪರಸ್ಥಳದವನೇ ಕಟ್ಟಿದ ಊರು, ನೋಡಿ!

ಇಲ್ಲಿನ ರಾತ್ರಿಯ ಸೊಬಗು ಹಳೆಯ ದರವಾಜೆಗಳ ಒಳಗಿದೆ. ಸಿಟಿ ಚೌಕ, ಗುಲಮಂಡಿಗಳಲ್ಲಿ ಜನವೋ ಜನ. ಒಂದೆಡೆ ಹಿಮ್ರೂ ಶಾಲು, ಒಂದೆಡೆ ನಾನ್ ಖಲಿಯಾದ ಪರಿಮಳ. ಬೀಬಿಯ ಮಕ್ಬರಾದ ಉದ್ಯಾನವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲು ತಕ್ಕದ್ದೇ. ನನ್ನ ಮನಸ್ಸು ನಿಂತದ್ದು ಮಾತ್ರ ಪನಚಕ್ಕಿಯಲ್ಲಿ. ಗುಡ್ಡದ ಝರಿಯ ನೀರನ್ನು ಮಣ್ಣಿನ ಕೊಳವೆಗಳಲ್ಲಿ ತಂದು, ಗೋಡೆಯ ಮೇಲಕ್ಕೇರಿಸಿ, ಕೊಳಕ್ಕೆ ಧುಮುಕಿಸಿದ್ದಾರೆ. ಆ ನೀರಿನ ಬಲದಿಂದ ಬೀಸುವ ಕಲ್ಲು ತಿರುಗುತ್ತಿತ್ತು. ಬೀಸಿದ ಹಿಟ್ಟು ಬಾಬಾ ಷಾ ಮುಸಾಫಿರರ ದರ್ಗಾದಲ್ಲಿ ಫಕೀರರ, ಯಾತ್ರಿಕರ ರೊಟ್ಟಿಗೆ. ಮುಸಾಫಿರ ಎಂದರೆ ದಾರಿಹೋಕ. ಗಿರಣಿಯಲ್ಲಿ ಲೆಕ್ಕ ಬರೆಯುವ ನನಗೆ, ದಾರಿಹೋಕರ ಹೊಟ್ಟೆಗಾಗಿ ನಡೆದ ಈ ಗಿರಣಿ ಬಹಳ ದೊಡ್ಡದಾಗಿ ಕಂಡಿತು.

ಇನ್ನೊಂದು ಮಾತು. ನಾಸಿಕದಲ್ಲಿ ಮುಚ್ಚಿದ ಬಾಗಿಲನ್ನು ಕಂಡ ಅಂಬೇಡ್ಕರರೇ 1950ರಲ್ಲಿ ಇದೇ ಊರಿನಲ್ಲಿ ಮಿಲಿಂದ ಕಾಲೇಜಿನ ಬಾಗಿಲು ತೆರೆಸಿದರು.

ಬಂಧುಗಳೇ, ನಮ್ಮ ಸಂಘಕ್ಕೆ ಘಟ್ಟವಿಲ್ಲ, ಉದ್ಯಾನವಿಲ್ಲ. ಎರಡು ಬೆಂಚು, ನಾಲ್ಕು ಕಪಾಟು, ಒಂದು ದೀಪ ಇದೆ. ಅದಕ್ಕೆ ರಾತ್ರಿ ಎಂಟಕ್ಕೇ ಬೀಗ ಬೀಳುತ್ತದೆ. ಹೋಟೆಲು, ಅಂಗಡಿಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಬಿಡುವಾಗುವುದೇ ಎಂಟರ ಮೇಲೆ. ಅವರು ಎಲ್ಲಿ ಕೂರಬೇಕು? ಹತ್ತರ ತನಕ ಬಾಗಿಲು ತೆರೆದಿರಲಿ ಎಂಬುದು ನನ್ನ ಸೂಚನೆ. ವಾರದಲ್ಲಿ ಎರಡು ದಿನ ಬೀಗದ ಕೈ ನಾನು ಹಿಡಿಯುತ್ತೇನೆ. ಉಳಿದ ದಿನಗಳಿಗೆ ನೀವು ಹೆಸರು ಕೊಡಿ. ಬಂದವನ ಜಾತಿ, ಜಿಲ್ಲೆ ಕೇಳುವುದು ಬೇಡ. ಕೂರಲು ಜಾಗ ಕೊಡೋಣ, ಓದಲು ಪತ್ರಿಕೆ ಕೊಡೋಣ.