ಕೊಟ್ಟ ಮಾತು ಮತ್ತು ಉಳಿದ ಕಾಲ

(ದೀಕ್ಷಾಕಲ್ಯಾಣದ ದಿನದ ಉಪನ್ಯಾಸ)



ಪಂಚಕಲ್ಯಾಣ ಮಹೋತ್ಸವದಲ್ಲಿ ದೀಕ್ಷಾಕಲ್ಯಾಣದ ದಿನ ಬಂದಿತೆಂದರೆ ನೆರೆದವರೆಲ್ಲರೂ ನೀಲಾಂಜನೆಯ ನೃತ್ಯಕ್ಕಾಗಿ ಕಾದಿರುತ್ತಾರೆ. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ನಿರೂಪಿಸಿದ ಈ ಪ್ರಸಂಗವನ್ನು ಪಂಪಮಹಾಕವಿಯು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಕನ್ನಡಿಗರಿಗೆ ಶಾಶ್ವತವಾಗಿ ಕೊಟ್ಟಿದ್ದಾನೆ.

ಆದಿದೇವನು ಕುಮಾರಕಾಲದಲ್ಲಿ 20 ಲಕ್ಷ ಪೂರ್ವಗಳನ್ನೂ ರಾಜ್ಯಭಾರದಲ್ಲಿ 63 ಲಕ್ಷ ಪೂರ್ವಗಳನ್ನೂ ಕಳೆದಿದ್ದನು. 84 ಲಕ್ಷ ಪೂರ್ವಗಳ ಆಯುಷ್ಯದಲ್ಲಿ ಉಳಿದುದು 1 ಲಕ್ಷ ಮಾತ್ರ. ಧರ್ಮತೀರ್ಥಪ್ರವರ್ತನೆಯ ಮಹಾಕಾರ್ಯವು ಇನ್ನೂ ಆರಂಭವಾಗಿರಲಿಲ್ಲ. ಇದನ್ನರಿತ ದೇವೇಂದ್ರನು, ಆಯುಷ್ಯವು ತೀರುತ್ತಾ ಬಂದಿದ್ದ ನೀಲಾಂಜನೆಯನ್ನು ಆಸ್ಥಾನರಂಗಕ್ಕೆ ಕಳುಹಿಸಿದನು. ಅವಳಿಗೆ ಉಳಿದುದು ಕೆಲವೇ ಕ್ಷಣಗಳು. ಆದರೂ ಅವಳ ಲಯದಲ್ಲಾಗಲಿ ಭಾವದಲ್ಲಾಗಲಿ ಕೊರತೆಯಿರಲಿಲ್ಲ. ಕಾಲ ಅಲ್ಪವಾಗಿತ್ತು; ಕಲೆ ಪೂರ್ಣವಾಗಿತ್ತು.

ಈ ಪ್ರಸಂಗವು ವೈರಾಗ್ಯವನ್ನು ಬೋಧಿಸುತ್ತದೆ ಎಂಬುದು ಸರ್ವವಿದಿತ. ಅದರ ಜೊತೆಗೆ, ಕಲಾವಿದರ ನಿತ್ಯಜೀವನಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯೂ ಇಲ್ಲಿ ಅಡಗಿದೆ. ನೃತ್ಯ, ಹಾಡು ಅಥವಾ ನಾಟಕದ ಕಾರ್ಯಕ್ರಮವೊಂದನ್ನು ಒಪ್ಪಿಕೊಂಡಾಗಿದೆ, ದಿನ ಸಮೀಪಿಸಿದೆ, ಸಿದ್ಧತೆಗೆ ಕಾಲ ಸಾಲದು. ಆಗ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೇ, ಬಿಡಬೇಕೇ?

‘ಮಾತು ಕೊಟ್ಟ ಮೇಲೆ ಏನಾದರೂ ಆಗಲಿ, ವೇದಿಕೆ ಹತ್ತಲೇಬೇಕು’ ಎನ್ನುವವರು ಹಲವರು. ಕೇಳುವುದಕ್ಕೆ ಇದು ಧರ್ಮದ ಮಾತಿನಂತೆಯೇ ಇದೆ. ಆದರೆ ಪಾಶ್ಚಾತ್ಯ ಸಂಗೀತದ ಇತಿಹಾಸದಲ್ಲಿರುವ ಒಂದು ಘಟನೆಯು ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. 1897ರ ಮಾರ್ಚ್ ತಿಂಗಳಿನಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಸೆರ್ಗೆಯ್ ರಖ್ಮಾನಿನೊವ್ ಎಂಬ 23 ವರ್ಷದ ಯುವಕನ ಮೊದಲನೆಯ ಸಿಂಫನಿಯನ್ನು ನುಡಿಸುವುದೆಂದು ಗೊತ್ತುಮಾಡಲಾಗಿತ್ತು. ವಾದ್ಯವೃಂದವನ್ನು ನಡೆಸಿದವನು ಪ್ರಸಿದ್ಧ ಸಂಗೀತಗಾರನಾದ ಗ್ಲಜುನೊವ್. ಅಭ್ಯಾಸಕ್ಕೆ ದೊರೆತ ಕಾಲ ತೀರ ಸಾಲದಾಗಿತ್ತು. ಆದರೂ ಗೊತ್ತಾದ ದಿನಕ್ಕೆ ಕಾರ್ಯಕ್ರಮ ನಡೆಯಿತು. ಮಾತು ಉಳಿಯಿತು, ಕೃತಿ ಉಳಿಯಲಿಲ್ಲ. ವಿಮರ್ಶಕರ ನಿಂದೆಯೆಲ್ಲವೂ ಕೃತಿಕಾರನ ತಲೆಯ ಮೇಲೆ ಬಿತ್ತು. ಸುಮಾರು ಮೂರು ವರ್ಷಗಳ ಕಾಲ ಅವನಿಂದ ಹೇಳಿಕೊಳ್ಳುವಂತಹ ರಚನೆ ಹೊರಬರಲಿಲ್ಲ. ಡಾಕ್ಟರ್ ನಿಕೊಲಾಯ್ ದಾಲ್ ಎಂಬ ವೈದ್ಯರ ಚಿಕಿತ್ಸೆಯಿಂದ ಚೇತರಿಸಿಕೊಂಡ ಮೇಲೆ ಅವನು ಬರೆದ ಎರಡನೆಯ ಪಿಯಾನೋ ಕನ್ಸರ್ಟೊ ಆ ವೈದ್ಯರಿಗೇ ಅರ್ಪಿತವಾಯಿತು. ಆದರೆ ಆ ಮೊದಲನೆಯ ಸಿಂಫನಿ ಅವನ ಜೀವಿತಕಾಲದಲ್ಲಿ ಮತ್ತೆ ವೇದಿಕೆಯೇರಲಿಲ್ಲ. ಅವನು 1943ರಲ್ಲಿ ತೀರಿಕೊಂಡನು. ಎರಡನೆಯ ಪ್ರದರ್ಶನವು 1945ರಲ್ಲಿ ಮಾಸ್ಕೋದಲ್ಲಿ ನಡೆಯಿತು.

ಗಮನಿಸಬೇಕಾದ ಸಂಗತಿಯೊಂದಿದೆ. ಸಿದ್ಧತೆಯಿಲ್ಲದೆ ಮಾತು ಉಳಿಸಿಕೊಂಡವರು ಒಬ್ಬರು. ಅದರ ಬೆಲೆ ತೆತ್ತವನು ಮತ್ತೊಬ್ಬ.

ಹಾಗಾದರೆ ಕಾಲ ಸಾಲದಿದ್ದಾಗಲೆಲ್ಲ ಹಿಂದೆ ಸರಿಯುವುದೇ ಸರಿಯೇ? ಅದೂ ಅಲ್ಲ. 1990ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಸಂಗೀತಸಭೆಯೊಂದರಲ್ಲಿ ಪೋರ್ಚುಗಲ್ ದೇಶದ ಪಿಯಾನೋವಾದಕಿ ಮರಿಯಾ ಜುವಾವ್ ಪಿರೆಸ್ ಅವರು ಶ್ರೋತೃಗಳೆದುರು ಕುಳಿತಿದ್ದರು. ವಾದ್ಯವೃಂದವು ಆರಂಭಿಸಿದೊಡನೆ ಅವರು ದಿಗ್ಭ್ರಮೆಗೊಂಡರು. ಅವರು ಸಿದ್ಧಪಡಿಸಿಕೊಂಡು ಬಂದಿದ್ದುದು ಮೊಜಾರ್ಟನ ಬೇರೊಂದು ಕೃತಿ; ಅಲ್ಲಿ ಕೇಳಿಸುತ್ತಿದ್ದುದು ಅವನ 20ನೆಯ ಕನ್ಸರ್ಟೊ. ಅವರ ಸರದಿ ಬರುವುದಕ್ಕೆ ಉಳಿದಿದ್ದುದು ಕೆಲವು ನಿಮಿಷಗಳಷ್ಟೆ. ವಾದ್ಯವೃಂದದ ನಿರ್ದೇಶಕ ರಿಕಾರ್ಡೊ ಶಾಯಿ ಅವರು ಕೈಯಾಡಿಸುತ್ತಲೇ ಧೈರ್ಯ ಹೇಳಿದರು. ಅವರು ನುಡಿಸಿದರು, ಸ್ಮರಣೆಯಿಂದಲೇ ನುಡಿಸಿದರು.

ಒಂದು ಕಡೆ ದಿನಗಳಿದ್ದೂ ಸಾಲದಾದವು. ಮತ್ತೊಂದು ಕಡೆ ನಿಮಿಷಗಳೇ ಸಾಕಾದವು. ಅಂತರವು ಕಾಲದಲ್ಲಿಲ್ಲ, ಪಕ್ವತೆಯಲ್ಲಿದೆ. ಪಿರೆಸ್ ಅವರು ಆ ಕೃತಿಯನ್ನು ಹಿಂದೆ ನುಡಿಸಿ ಕರಗತ ಮಾಡಿಕೊಂಡಿದ್ದರು. ಕಣಜದಲ್ಲಿ ಧಾನ್ಯವಿದ್ದ ಮನೆಯವರು ಅವೇಳೆಯಲ್ಲಿ ಬಂದ ಅತಿಥಿಗೂ ಉಣಬಡಿಸಬಲ್ಲರು. ಬಿತ್ತನೆಯೇ ಆಗದ ಹೊಲವನ್ನು ತೋರಿಸಿ ಊಟಕ್ಕೆ ಕರೆಯುವುದು ಸಲ್ಲದು. ಆದುದರಿಂದ ಮೊದಲು ಕೇಳಿಕೊಳ್ಳಬೇಕಾದುದು ‘ಎಷ್ಟು ದಿನ ಉಳಿದಿದೆ’ ಎಂಬುದನ್ನಲ್ಲ. ‘ಒಪ್ಪಿಕೊಂಡದ್ದರಲ್ಲಿ ಎಷ್ಟು ಈಗಾಗಲೇ ಸಿದ್ಧವಾಗಿದೆ’ ಎಂಬುದನ್ನು.

ಇದನ್ನು ನಮ್ಮ ಸಮಾಜದ ಬದುಕಿಗೆ ಅನ್ವಯಿಸಿ ನೋಡಬಹುದು. ಬಸದಿಯ ಉತ್ಸವದಲ್ಲಿ ನೀಲಾಂಜನೆಯ ಪಾತ್ರ ವಹಿಸಲು ಬಾಲಿಕೆಯೊಬ್ಬಳು ಒಪ್ಪಿದ್ದಾಳೆಂದು ಭಾವಿಸೋಣ. ಅದೇ ವಾರದಲ್ಲಿ ಅವಳ ಪರೀಕ್ಷೆಗಳು ಗೊತ್ತಾಗುತ್ತವೆ. ಹಿರಿಯರೆದುರು ಆಡಿದ ಮಾತೆಂದು ಅವಳು ಸುಮ್ಮನಿರುತ್ತಾಳೆ. ಮಗಳ ಮಾತು ತಪ್ಪಬಾರದೆಂದು ತಂದೆ ತಾಯಂದಿರೂ ಸುಮ್ಮನಿರುತ್ತಾರೆ. ಕೊನೆಗೆ ಹಿಂದಿನ ದಿನ ಸಂಜೆ ‘ಆಗುವುದಿಲ್ಲ’ ಎಂಬ ಸುದ್ದಿ ಬರುತ್ತದೆ. ಈ ಮೌನದಿಂದ ಯಾರಿಗೆ ಒಳಿತಾಯಿತು? ಸುದ್ದಿಯು ಹದಿನೈದು ದಿನ ಮೊದಲೇ ಬಂದಿದ್ದರೆ ದಾರಿಗಳು ಹಲವಿದ್ದವು. ನೃತ್ಯವನ್ನು ಚಿಕ್ಕದು ಮಾಡಬಹುದಾಗಿತ್ತು. ಅವಳು ಬಲ್ಲ ಭಾಗವನ್ನು ಮಾತ್ರ ಉಳಿಸಿಕೊಳ್ಳಬಹುದಾಗಿತ್ತು. ಇಲ್ಲವೇ ಇನ್ನೊಬ್ಬ ಬಾಲಿಕೆಗೆ ಕಲಿಸಬಹುದಾಗಿತ್ತು. ಸಕಾಲದಲ್ಲಿ ನುಡಿದ ‘ಆಗದು’ ಎಂಬ ಮಾತು ವಚನಭಂಗವಲ್ಲ. ಅದೂ ವಚನಪಾಲನೆಯ ಒಂದು ಅಂಗವೇ. ಸತ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕ ಶ್ರಾವಿಕೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಣೆಯು ಕಲಾವಿದರದಷ್ಟೇ ಅಲ್ಲ, ಕರೆದವರದೂ ಹೌದು. ‘ಹೇಗಾದರೂ ಮಾಡಿ ಬಂದುಬಿಡಿ, ಜನಕ್ಕೆ ಏನು ತಿಳಿಯುತ್ತದೆ’ ಎಂದು ಒತ್ತಾಯಿಸುವ ಸಮಿತಿಯವರು ಕಲಾವಿದರನ್ನು ಅಸತ್ಯದ ಕಡೆಗೆ ದೂಡುತ್ತಾರೆ. ಒಲ್ಲೆನೆಂದು ಮೊದಲೇ ತಿಳಿಸಿದವರ ಮೇಲೆ ಮುನಿಸು ತೋರಿದರೆ, ಮುಂದಿನ ಸಲ ಯಾರೂ ಮೊದಲೇ ತಿಳಿಸುವುದಿಲ್ಲ.

‘ಜನಕ್ಕೆ ಏನು ತಿಳಿಯುತ್ತದೆ’ ಎಂಬ ಆ ಮಾತಿಗೆ ಉತ್ತರವು ನೀಲಾಂಜನೆಯ ಕಥೆಯಲ್ಲಿಯೇ ಇದೆ. ಆಯುಷ್ಯ ತೀರಿ ಅವಳು ಮಿಂಚಿನಂತೆ ಮರೆಯಾದಳು. ರಸಭಂಗವಾಗಬಾರದೆಂದು ದೇವೇಂದ್ರನು ಅವಳಂತೆಯೇ ಇರುವ ಮತ್ತೊಬ್ಬಳನ್ನು ತತ್‌ಕ್ಷಣವೇ ನಿರ್ಮಿಸಿದನು. ಅದೇ ರಂಗ, ಅದೇ ರೂಪ, ಅದೇ ನಾಟ್ಯ. ಸಭೆಗೆ ಏನೂ ತಿಳಿಯಲಿಲ್ಲ. ಆದರೆ ಲಿಪಿ, ಅಂಕ, ಕಲೆಗಳನ್ನು ಲೋಕಕ್ಕೆ ಕಲಿಸಿದ ಆದಿದೇವನು ಆ ಅಂತರವನ್ನು ಕಂಡನು. ದೇವೇಂದ್ರನ ಉದ್ದೇಶವೂ ಅದೇ ಆಗಿತ್ತು. ಮನುಷ್ಯರ ವೇದಿಕೆಗಳಲ್ಲಿ ಕೊರತೆಯನ್ನು ಮುಚ್ಚಿ ನಡೆಸುವ ಕಾರ್ಯಕ್ರಮಕ್ಕೆ ಅಂತಹ ಉದ್ದೇಶವಿರುವುದಿಲ್ಲ. ಸಭೆಯಲ್ಲಿ ಬಲ್ಲವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರೂ ಇಲ್ಲವೆಂದುಕೊಂಡರೂ, ಗೆಜ್ಜೆ ಕಟ್ಟಿದವರ ಅಂತರಂಗಕ್ಕೆ ಅದು ತಿಳಿದೇ ಇರುತ್ತದೆ.

ಆದುದರಿಂದ ಒಪ್ಪುವ ಮುನ್ನ ದಿನಗಳನ್ನು ಎಣಿಸಬೇಕು. ಒಪ್ಪಿದ ಮೇಲೆ ಆ ದಿನಗಳನ್ನು ಕಾಯ್ದುಕೊಳ್ಳಬೇಕು. ಸಾಲದೆಂದು ಕಂಡ ದಿನವೇ, ಮರುದಿನಕ್ಕೆ ಮುಂದೂಡದೆ, ಕರೆದವರ ಮನೆಗೆ ಹೋಗಿ ತಿಳಿಸಬೇಕು. ಇಂದು ಈ ಮಂಟಪದಲ್ಲಿ ಗೆಜ್ಜೆಯ ಸದ್ದು ಕೇಳುವಾಗ, ಆ ಬಾಲಿಕೆಯು ಎಷ್ಟು ದಿನಗಳ ಬೆಳಗುಗಳನ್ನು ಇದಕ್ಕಾಗಿ ಕೊಟ್ಟಿದ್ದಾಳೆಂಬುದನ್ನೂ ಸಭಿಕರು ನೆನೆಯಲಿ.

ಜೈ ಜಿನೇಂದ್ರ.