ಗವರ್ನರ್ ಯಾರಿಗೆ ಲೆಕ್ಕ ಒಪ್ಪಿಸುತ್ತಿದ್ದ?

(ಮತ್ತಿಕೆರೆಯಲ್ಲಿ ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಅಂಗಡಿಯ ಗುಮಾಸ್ತ ಲೆಕ್ಕ ಒಪ್ಪಿಸುವುದು ಸಾಹುಕಾರನಿಗೆ, ಗಿರಾಕಿಗಲ್ಲ. ಬ್ರಿಟಿಷ್ ಗವರ್ನರನ ಕಥೆಯೂ ಅಷ್ಟೇ. ಸಿಂಹಳವನ್ನೇ ನೋಡಿ. 1802ರಿಂದ ಅದು ಇಂಗ್ಲೆಂಡಿನ ರಾಜನ ನೇರ ವಸಾಹತು. ಗವರ್ನರನನ್ನು ಕಳಿಸುತ್ತಿದ್ದುದೂ ಲಂಡನ್, ವಾಪಸು ಕರೆಸುತ್ತಿದ್ದುದೂ ಲಂಡನ್. 1833ರಲ್ಲಿ ಅಲ್ಲೊಂದು ಶಾಸನ ಸಭೆ ಬಂತು. ಅದರಲ್ಲಿ ಸರ್ಕಾರಿ ಅಧಿಕಾರಿಗಳದೇ ಬಹುಮತ, ಉಳಿದವರನ್ನೂ ಗವರ್ನರನೇ ಆರಿಸಿದ.

“ನಮ್ಮದು ಮಹಾರಾಜರ ಸೀಮೆ, ನಮಗೆಲ್ಲಿಯ ಗವರ್ನರು?” ಎಂದು ನೀವು ಕೇಳಬಹುದು. ಮೈಸೂರು ವಸಾಹತಾಗಿರಲಿಲ್ಲ, ನಿಜ. ಆದರೆ 1831ರಿಂದ 1881ರವರೆಗೆ, ಐವತ್ತು ವರ್ಷ, ಇಲ್ಲಿ ಆಳಿದವರು ಕಮಿಷನರುಗಳು. ಗವರ್ನರ್ ಎಂಬ ಹೆಸರೊಂದಿರಲಿಲ್ಲ, ಅಷ್ಟೇ. 1834ರಿಂದ 1861ರವರೆಗೆ ಆ ಕುರ್ಚಿಯಲ್ಲಿದ್ದ ಮಾರ್ಕ್ ಕಬ್ಬನ್ ಸಾಹೇಬ ಕೆಟ್ಟವನೆಂದು ನಾನು ಹೇಳುವುದಿಲ್ಲ. ರಸ್ತೆ ಮಾಡಿಸಿದ. 769 ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದ. (ಇಲ್ಲಿ ಕೂತ ವ್ಯಾಪಾರಿಗಳಿಗೆ ಹೊಟ್ಟೆಕಿಚ್ಚಾದರೆ ಆಶ್ಚರ್ಯವಿಲ್ಲ.) ಆದರೆ ತೆಗೆದ ಕೈಯೇ ಮತ್ತೆ ಹಾಕಿದ್ದರೆ ಕೇಳುವವರು ಯಾರಿದ್ದರು?

1876ರಿಂದ 78ರ ಬರ ಬಂದಾಗ ಇದು ಬಯಲಾಯಿತು. 1871ರ ಜನಗಣತಿಯಲ್ಲಿ ಮೈಸೂರಿನ ಜನ ಐವತ್ತು ಲಕ್ಷಕ್ಕೂ ಮೇಲಿದ್ದರು. 1881ರಲ್ಲಿ 42 ಲಕ್ಷವೂ ಇರಲಿಲ್ಲ. ಮಳೆ ಕೈಕೊಟ್ಟದ್ದಕ್ಕೆ ಚೀಫ್ ಕಮಿಷನರನನ್ನು ದೂರಲಾಗದು. ಆದರೆ ಇಷ್ಟು ಹೆಣ ಬಿದ್ದರೂ ಅವನನ್ನು ಕುರ್ಚಿಯಿಂದ ಇಳಿಸುವ ಶಕ್ತಿ ಬದುಕುಳಿದವರ ಕೈಯಲ್ಲಿರಲಿಲ್ಲ. ಅದೂ ಸಾಲದೆಂದು, 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಒಪ್ಪಿಸುವಾಗ ವರ್ಷದ ಕಪ್ಪವನ್ನು ಇಪ್ಪತ್ತನಾಲ್ಕೂವರೆ ಲಕ್ಷದಿಂದ 35 ಲಕ್ಷ ರೂಪಾಯಿಗೆ ಏರಿಸಿದರು. ಬರ ಬಡಿದ ನೆಲದ ಮೇಲೆ! ಹೆಚ್ಚಿನ ಹಣವನ್ನು 1896ರಿಂದ ವಸೂಲು ಮಾಡಿದರು. ಅದೇ ದೊಡ್ಡ ದಯೆ.

ಒಪ್ಪಿಸಿದ ಮೇಲೂ ರೆಸಿಡೆಂಟ್ ಉಳಿದ. ಗವರ್ನರ್ ಜನರಲನ ‘ಸಲಹೆ’ಯಂತೆ ಮಹಾರಾಜರು ನಡೆಯತಕ್ಕದ್ದೆಂದು ಕರಾರಿನಲ್ಲಿತ್ತು. ಉಪ್ಪು ತಯಾರಿಸಲೂ ಅಪ್ಪಣೆ ಬೇಕು. ರೈಲಿಗೆಂದರೆ ಭೂಮಿ ಪುಕ್ಕಟೆ ಬಿಡಬೇಕು. ಹಲಸೂರು, ಇಂದಿನ ಶಿವಾಜಿನಗರದ ಕಡೆಯ ದಂಡು ಪ್ರದೇಶವಂತೂ 1947ರ ಜುಲೈ 26ರವರೆಗೆ ರೆಸಿಡೆಂಟನದೇ. ಪೇಟೆಯಿಂದ ದಂಡಿಗೆ ನಡೆದುಹೋದ ಕೂಲಿಯವನು ಒಂದೇ ಊರಿನಲ್ಲಿ ಎರಡು ಸರ್ಕಾರ ಕಾಣುತ್ತಿದ್ದ.

ಕಬ್ಬನ್ ಕಟ್ಟಿಸಿದ ಮನೆಯೇ ಇಂದಿನ ರಾಜಭವನ. 2020ರಲ್ಲಿ ಅವನ ಪ್ರತಿಮೆ ಕಬ್ಬನ್ ಪಾರ್ಕಿನೊಳಕ್ಕೆ ಹೋಯಿತು. ಕಲ್ಲು ಕಂಚಿನ ಮೇಲೆ ನನಗೆ ಕೋಪವಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಚುನಾಯಿತ ಪಾಲಿಕೆಯ ಅವಧಿ ಮುಗಿಯಿತಲ್ಲ, ನನ್ನ ತಕರಾರು ಅಲ್ಲಿದೆ. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ. ಮೇಲಿನಿಂದ ನೇಮಕವಾದ ಅಧಿಕಾರಿಗಳ ಕೈಯಲ್ಲೇ ಮತ್ತಿಕೆರೆಯ ಕಂದಾಯ, ಚರಂಡಿ, ಕಸ ಎಲ್ಲವೂ. ಅವರಲ್ಲಿ ಒಳ್ಳೆಯವರೂ ಇದ್ದರು, ಕಬ್ಬನ್ ಸಾಹೇಬನಂತೆ. ಅವಧಿ ತೀರುವ ಮೊದಲೇ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 243-ಯು ವಿಧಿ ಹೇಳುತ್ತದೆ. ಇನ್ನೆಂದೂ ಅದನ್ನು ಮೀರಕೂಡದೆಂಬ ಮನವಿ ಪತ್ರ ಬಾಗಿಲ ಬಳಿ ಇದೆ. ಸ್ವಂತ ಮನೆಯವರೂ ಬಾಡಿಗೆಯವರೂ ಸಹಿ ಹಾಕಿ ಹೋಗಿ.