ಎರಡು ಹೊತ್ತಿನ ಅಕ್ಕಿ



ಸಮಾಜ ಹೇಗೆ ಹುಟ್ಟಿತು ಎಂಬ ಪ್ರಶ್ನೆಗೆ ನಮ್ಮ ನೆಲದ ಬಲು ಹಳೆಯ ಉತ್ತರವೊಂದು ಅಕ್ಕಿಯ ಕತೆಯಾಗಿ ಉಳಿದು ಬಂದಿದೆ. ಅದಿರುವುದು ಪಾಲಿ ಭಾಷೆಯ ದೀಘನಿಕಾಯದ ಅಗ್ಗಞ್ಞ ಸುತ್ತದಲ್ಲಿ. ವಾಸೆಟ್ಠ, ಭಾರದ್ವಾಜ ಎಂಬಿಬ್ಬರು ಭಿಕ್ಷುಗಳಾಗಲು ಬಯಸಿ ಶ್ರಾವಸ್ತಿಯಲ್ಲಿದ್ದರು. ಬ್ರಹ್ಮನ ಬಾಯಿಂದ ಹುಟ್ಟಿದ ಕುಲವನ್ನು ಬಿಟ್ಟು ಹೋದಿರೆಂದು ಅವರನ್ನು ಬ್ರಾಹ್ಮಣರು ಜರೆಯುತ್ತಿದ್ದರು. ಅದಕ್ಕೆ ಉತ್ತರವಾಗಿ ಬುದ್ಧ ಈ ಕತೆ ಹೇಳುತ್ತಾನೆ.

ಬಲು ಹಿಂದೆ ಹೊಟ್ಟಿಲ್ಲದ ಅಕ್ಕಿ ತಾನಾಗಿಯೇ ಬೆಳೆಯುತ್ತಿತ್ತು. ಸಂಜೆ ಕೊಯ್ದರೆ ಬೆಳಗಾಗುವಷ್ಟರಲ್ಲಿ ಮತ್ತೆ ತೆನೆ ನಿಂತಿರುತ್ತಿತ್ತು. ಒಬ್ಬ ಸೋಮಾರಿ, ಹೊತ್ತುಹೊತ್ತಿಗೂ ಯಾರು ಹೋಗುವುದೆಂದು ಎರಡು ಹೊತ್ತಿನದನ್ನು ಒಟ್ಟಿಗೇ ತಂದ. ಅಕ್ಕಿ ತರಲು ಬಾ ಎಂದು ಅವನನ್ನು ಕರೆಯಲು ಬಂದವನು ಅದನ್ನು ಕಂಡು, ಇದೂ ಒಳ್ಳೆಯದೇ ಎಂದುಕೊಂಡು ಎರಡು ದಿನಕ್ಕಾಗುವಷ್ಟು ತಂದ. ಮುಂದಿನವನು ನಾಲ್ಕು ದಿನಕ್ಕೆ, ಅವನ ಮುಂದಿನವನು ಎಂಟು ದಿನಕ್ಕೆ. ಅಕ್ಕಿಗೆ ಹೊಟ್ಟು ಬಂತು, ಕೊಯ್ದ ಪೈರು ಮತ್ತೆ ಚಿಗುರಲಿಲ್ಲ. ಗದ್ದೆ ಪಾಲಾಯಿತು, ಗಡಿ ಬಿತ್ತು. ಹಿಂದೆಯೇ ಕಳವು, ಸುಳ್ಳು, ಹೊಡೆದಾಟ. ಕೊನೆಗೆ ಜನ ಸೇರಿ, ತಪ್ಪಿದವರನ್ನು ದಂಡಿಸಲು ಒಬ್ಬನನ್ನು ಆರಿಸಿ ಅವನಿಗೆ ಬತ್ತದ ಪಾಲು ಗೊತ್ತುಮಾಡಿದರು. ಅವನೇ ಮಹಾಸಮ್ಮತ, ಎಲ್ಲರೂ ಒಪ್ಪಿದವನು.

ದೊರೆತನವಾಗಲಿ, ವರ್ಣವಾಗಲಿ ಆಕಾಶದಿಂದ ಇಳಿದದ್ದಲ್ಲ, ಮನುಷ್ಯರ ನಡೆಯಿಂದ ಬೆಳೆದದ್ದು ಎಂಬ ಈ ಮಾತಿನ ಧೈರ್ಯ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಯುರೋಪಿನಲ್ಲಿ ಈ ಪ್ರಶ್ನೆ ಮತ್ತೆ ಬಿಸಿಯಾದದ್ದು ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ. 1651ರ ‘ಲೆವಯಥನ್’ನಲ್ಲಿ ಥಾಮಸ್ ಹಾಬ್ಸ್, ಒಬ್ಬರಿಗೊಬ್ಬರು ಹೆದರಿದ ಜನ ತಾವೇ ಒಪ್ಪಂದ ಮಾಡಿಕೊಂಡು ದೊರೆಗೆ ಅಧಿಕಾರ ಒಪ್ಪಿಸಿದರು ಎಂದ. 1755ರಲ್ಲಿ ರೂಸೋ ಅಸಮಾನತೆಯ ಮೂಲವನ್ನು ಹುಡುಕುತ್ತ, ನೆಲಕ್ಕೆ ಬೇಲಿ ಹಾಕಿ ನನ್ನದೆಂದವನ ಬಳಿ ಬಂದು ನಿಂತ. ರೈನ್ ಸೀಮೆಯ ಕಾಡಿನಲ್ಲಿ ಬಡವರು ಬಿದ್ದ ಪುಳ್ಳೆ ಆಯುವುದನ್ನೂ ಕಳ್ಳತನವೆನ್ನುವ ಕಾನೂನಿನ ಬಗ್ಗೆ ನಡೆದಿದ್ದ ಚರ್ಚೆಯನ್ನು ಹಿಡಿದು, ಪತ್ರಕರ್ತನಾಗಿದ್ದ ಮಾರ್ಕ್ಸ್ 1842ರಲ್ಲಿ ಆ ಕಾನೂನನ್ನು ವಿರೋಧಿಸಿ ಬರೆದ. ಅರ್ಥಶಾಸ್ತ್ರದ ಕಡೆಗೆ ತನ್ನನ್ನು ತಿರುಗಿಸಿದವುಗಳಲ್ಲಿ ಆ ಪುಳ್ಳೆಯ ಜಗಳವೂ ಒಂದೆಂದು ಮುಂದೆ ಅವನೇ ಹೇಳಿಕೊಂಡ.

ಬುದ್ಧನ ದಾರಿಯನ್ನೂ ಮಾರ್ಕ್ಸ್‌ನ ದಾರಿಯನ್ನೂ ಎದುರುಬದುರು ನಿಲ್ಲಿಸಿ ನೋಡಿದವರು ಅಂಬೇಡ್ಕರ್. 1956ರ ನವೆಂಬರ್ 20ರಂದು ಕಠ್ಮಂಡುವಿನಲ್ಲಿ ಅವರು ಬುದ್ಧ ಮತ್ತು ಮಾರ್ಕ್ಸ್ ಕುರಿತು ಮಾತಾಡಿದರು. ದುಃಖ, ಶೋಷಣೆ ಹೋಗಬೇಕೆಂಬ ಗುರಿ ಇಬ್ಬರದೂ ಹೌದು. ಆದರೆ ಬಲಪ್ರಯೋಗದಿಂದ ಬಂದದ್ದಕ್ಕಿಂತ ಮನಸ್ಸು ತಿರುಗಿ ಬಂದ ಬದಲಾವಣೆಯೇ ಬಾಳುತ್ತದೆ ಎಂಬುದು ಅವರ ನಿಲುವು. ಹದಿನಾರು ದಿನಗಳಲ್ಲಿ ಅವರು ತೀರಿಕೊಂಡರು.

ಅವರ ನಿಲುವನ್ನು ನೆನೆದಾಗ ನನಗೆ ಆ ಸೋಮಾರಿ ಕಣ್ಣಿಗೆ ಕಟ್ಟುತ್ತಾನೆ. ಅವನು ದುಷ್ಟನಲ್ಲ. ಅವನ ಮನೆಯ ಅಕ್ಕಿ ಕಂಡು, ಇದೂ ಒಳ್ಳೆಯದೇ ಎಂದುಕೊಂಡನಲ್ಲ ಪಕ್ಕದವನು, ಗದ್ದೆಗೆ ಗಡಿ ಬಿದ್ದದ್ದು ಆ ಗಳಿಗೆಯಲ್ಲೇ. ಆ ಗಡಿಯನ್ನು ಅಳಿಸುವ ಕೆಲಸವೂ ಆ ಪಕ್ಕದವನ ಮನಸ್ಸಿನಿಂದಲೇ ಶುರುವಾಗಬೇಕು.